ಎರಡನೇ ಎಲುಬಿನ ಬೊಟ್ಟು

"ಒಂದನೇ ಪಕ್ಕೆಲುಬು ಮುಟ್ಟಿ ತೋರಿಸ್ರಪ್ಪ," ಎಂದರು ಜುಲೇಖಾ ಮೇಡಂ.

ತರಗತಿಯ ಇಪ್ಪತ್ತೆಂಟು ಜನರೂ ತಂತಮ್ಮ ಕೊರಳೆಲುಬಿನ ಕೆಳಗೆ ಬೆರಳಿಟ್ಟರು. ಇಂಚರಳೂ ಇಟ್ಟಳು.

"ಅದು ಎರಡನೇದು. ಇಪ್ಪತ್ತೆಂಟು ಜನರೂ ಫೇಲು." ಮೇಡಂಗೆ ಪ್ರತಿ ವರ್ಷ ಈ ಮಾತು ಹೇಳುವಾಗ ಒಂದು ಖುಷಿ. "ಒಂದನೇದು ಕೊರಳೆಲುಬಿನ ಹಿಂದೆ ಅವಿತಿರುತ್ತೆ, ಹೊಸ ಸೊಸೆ ಬಾಗಿಲ ಹಿಂದೆ ನಿಂತ ಹಾಗೆ. ಬೆರಳಿಗೆ ಸಿಗಲ್ಲ. ಮೊದಲು ಕತ್ತಿನ ಗುಳಿ ಹುಡುಕಿ. ಅಲ್ಲಿಂದ ಎದೆಯ ನಡುಮೂಳೆ ಮೇಲೆ ಬೆರಳು ಜಾರಿಸ್ತಾ ಬನ್ನಿ. ಮೂರು ಬೆರಳು ಕೆಳಗೆ ಒಂದು ಅಡ್ಡ ದಿಣ್ಣೆ. ಸಿಕ್ತಾ? ಆ ದಿಣ್ಣೆಯಿಂದ ಪಕ್ಕಕ್ಕೆ ಹೊರಟರೆ ಎರಡನೇ ಎಲುಬು. ಲೆಕ್ಕ ಶುರುವಾಗೋದೇ ಎರಡರಿಂದ."

"ಮೊಲೆತೊಟ್ಟು ನಾಲ್ಕನೇ ಸಂದಿನ ಮೇಲೆ ಅಂತ ಪುಸ್ತಕದಲ್ಲಿದೆಯಲ್ಲ ಮೇಡಂ, ಅಲ್ಲಿಂದ ಎಣಿಸಬಾರ್ದಾ?" ಎಂದು ಹಿಂದಿನ ಬೆಂಚಿನವನೊಬ್ಬ ಕೇಳಿದ.

"ಗಂಡಸರಲ್ಲಿ ಎಣಿಸು. ಹೆಂಗಸರಲ್ಲಿ ಅದು ವಯಸ್ಸು ಹೇಳಿದ ಕಡೆ ಇರುತ್ತೆ, ಮಗ್ಗುಲಾದ ಕಡೆ ಹೋಗುತ್ತೆ. ದಿಣ್ಣೆ ಎಲ್ಲಿಗೂ ಹೋಗಲ್ಲ."

ಈ ಎಣಿಕೆ ಇಷ್ಟು ದೊಡ್ಡದಾದದ್ದು ಹಚ್ಚಡ ಬಂದ ಮೇಲೆ. ಗಾಳಿಗುಡ್ಡದ ಕೆಳಗಿನ ಆ ವೈದ್ಯಕೀಯ ಕಾಲೇಜಿಗೆ ಅದು ಬಂದು ಆರು ವರ್ಷವಾಗಿತ್ತು. ಬಾಳೆಲೆಯಷ್ಟು ತೆಳ್ಳಗಿನ, ಮಂಜಿನ ಬಣ್ಣದ ಹಾಳೆ. ಕಂಪನಿ ಇಟ್ಟ ಹೆಸರು ಯಾರ ಬಾಯಲ್ಲೂ ನಿಲ್ಲದೆ, ವಾರ್ಡಿನ ಆಯಾಗಳು ಕರೆದ ಹೆಸರೇ ಗಟ್ಟಿಯಾಯಿತು. ನಮ್ಮ ಮೈಯ ಚರ್ಮವನ್ನು ಬೆನ್ನುಹುರಿಯಿಂದ ಹೊರಟ ನರಗಳು ಪಟ್ಟೆ ಪಟ್ಟೆಯಾಗಿ ಹಂಚಿಕೊಂಡಿವೆ. ಒಂದು ನರಕ್ಕೆ ಒಂದು ಪಟ್ಟೆ. ವೈದ್ಯರು ಅದನ್ನು ಡರ್ಮಟೋಮ್ ಎನ್ನುತ್ತಾರೆ. ಪ್ರತಿ ನರಕ್ಕೂ ತನ್ನದೇ ಮಿಡಿತ. ಹಚ್ಚಡ ಎದೆಯ ಮೇಲೆ ಹರಡಿಕೊಂಡು, ಬೇಕಾದ ಪಟ್ಟೆಯ ಮಿಡಿತವನ್ನು ಕೇಳಿಸಿಕೊಂಡು, ಅದಕ್ಕೆ ತದ್ವಿರುದ್ಧವಾದದ್ದನ್ನು ಚರ್ಮದಿಂದಲೇ ಒಳಗೆ ಕಳಿಸುತ್ತದೆ. ಎರಡೂ ನರದ ಬುಡದಲ್ಲಿ ಸಂಧಿಸಿದಾಗ ನರ ಮಲಗಿಬಿಡುತ್ತದೆ. ಅದರ ಜೊತೆ ನೋವೂ ಮಲಗುತ್ತದೆ, ಅದು ಆಡಿಸುವ ಸ್ನಾಯುವೂ ಮಲಗುತ್ತದೆ. ರೋಗಿ ಎಚ್ಚರವಾಗಿದ್ದು ಮಾತಾಡುತ್ತಿರುವಾಗಲೇ ಕೊಯ್ದು ಹೊಲಿಯಬಹುದು. ಹಚ್ಚಡ ತೆಗೆದ ಹನ್ನೊಂದು ನಿಮಿಷಕ್ಕೆ ನರ ಏಳುತ್ತದೆ. ಅದಕ್ಕೆ ಮೊದಲು ಯಾರು ಕೂಗಿದರೂ ಏಳುವುದಿಲ್ಲ.

ಒಂದೇ ಕೊರತೆ. ಹಚ್ಚಡಕ್ಕೆ ಎಲುಬು ಕಾಣುತ್ತದೆ, ಎಷ್ಟನೇ ಎಲುಬೆಂದು ತಿಳಿಯುವುದಿಲ್ಲ. ಮನುಷ್ಯರೇ ಬೆರಳಿಂದ ದಿಣ್ಣೆ ಹುಡುಕಿ ಅಲ್ಲೊಂದು ಕೆಂಪು ಶಾಯಿಯ ಬೊಟ್ಟಿಡಬೇಕು. ಮೇಲಿನ ದೀಪದೊಳಗಿನ ಕಣ್ಣು ಆ ಬೊಟ್ಟನ್ನು ನೋಡಿ, ಅದರ ಹತ್ತಿರದ ಎಲುಬನ್ನು ಎರಡು ಎಂದುಕೊಂಡು, ಮಿಕ್ಕದ್ದನ್ನು ತಾನೇ ಎಣಿಸಿಕೊಳ್ಳುತ್ತದೆ. ಬೊಟ್ಟಿಡುವುದು ವಿದ್ಯಾರ್ಥಿಗಳ ಪಾಳಿ.

"ಹಚ್ಚಡ ಒಂದು ಎಲುಬು ಮೇಲಕ್ಕೆ ತಪ್ಪಿ ಎಣಿಸಿತು ಅಂತಿಟ್ಕೊಳ್ಳಿ," ಎಂದರು ಮೇಡಂ. "ಎದೆಯ ಎರಡನೇ ನರ ಮಲಗಬೇಕಿತ್ತು. ಬದಲಿಗೆ ಯಾವುದು ಮಲಗುತ್ತೆ? ಇಂಚರಾ, ಕಿಟಕಿ ಆಚೆ ಏನಿದೆ?"

"ಗಾಳಿಯಂತ್ರ ಮೇಡಂ."

ತರಗತಿ ನಕ್ಕಿತು. ಇಂಚರ ಎದ್ದು ನಿಂತಳು. "ಮೇಲಿನದು ಒಂದನೇದು ಅಲ್ಲ ಮೇಡಂ. ಕತ್ತಿನ ನಾಲ್ಕನೇದು."

"ನಡುವೆ ಐದು ನರ ಇದ್ವಲ್ಲ, ಎಲ್ಲಿ ಹೋದ್ವು?"

"ಕೈಗೆ ಹೋದ್ವು. ಎದೆ ಮೇಲೆ ಅವಕ್ಕೆ ಜಾಗ ಇಲ್ಲ. ನಮ್ಮಜ್ಜಿ ಕಥೆಯಲ್ಲೂ ಹಂಗೇ."

ಮತ್ತೆ ನಗು. ಆದರೆ ಅವಳು ಪಾಠವನ್ನು ನೆನಪಿಟ್ಟುಕೊಂಡದ್ದೇ ಹಾಗೆ. ಅಜ್ಜಿಯ ಕಥೆಯಲ್ಲಿ ಒಬ್ಬ ಅಪ್ಪ ಗುಡ್ಡದ ಹೊಲವನ್ನು ಮಕ್ಕಳಿಗೆ ಅಡ್ಡಡ್ಡ ಪಟ್ಟೆಯಾಗಿ ಹಂಚುತ್ತಾನೆ. ಐದನೆಯವನಿಂದ ಒಂಬತ್ತನೆಯವನವರೆಗೆ ಐವರು ಹೊಳೆದಂಡೆ ಹಿಡಿದು ದೂರ ಹೊರಟುಹೋಗುತ್ತಾರೆ. ಅವರ ಪಾಲು ಮುಚ್ಚಿಹೋಗಿ, ನಾಲ್ಕನೆಯವನಿಗೂ ಹತ್ತನೆಯವಳಿಗೂ ಒಂದೇ ಬದುವಾಗುತ್ತದೆ. ಆ ಐವರು ಏನಾದರು ಎಂದು ಸಣ್ಣ ಇಂಚರ ಅತ್ತರೆ ಅಜ್ಜಿ ಹೇಳುತ್ತಿದ್ದಳು: "ಕಾಣದೆ ಹೋದೋರು ಸತ್ತೋರಲ್ಲ ಕಣವ್ವ, ದೂರ ಇರೋರು."

"ನಿಮ್ಮಜ್ಜಿಗೆ ನಿಮ್ಮೆಲ್ಲರಿಗಿಂತ ಚೆನ್ನಾಗಿ ಅನಾಟಮಿ ಗೊತ್ತು," ಎಂದರು ಮೇಡಂ, ನಗದೆ. "ಕತ್ತಿನ ನಾಲ್ಕನೇದು ಮಲಗಿದ್ರೆ?"

"ಹೆಗಲು ಜೋಮು ಹಿಡಿಯುತ್ತೆ. ಆಮೇಲೆ ವಪೆ. ಎದೆಗೂ ಹೊಟ್ಟೆಗೂ ನಡುವಿನ ಉಸಿರಿನ ಪರದೆ. ಅದನ್ನ ಆಡಿಸೋ ನರಾನೂ ಅಲ್ಲಿಂದಾನೇ ಹೊರಡೋದು."

"ಅಂದ್ರೆ?"

"ಉಸಿರು ನಿಲ್ಲುತ್ತೆ."

"ಗುರುವಾರ ಬೊಟ್ಟಿಡೋವಾಗ ಗಾಳಿಯಂತ್ರ ನೋಡ್ಬೇಡ."

ಗುರುವಾರ ಮೇಜಿನ ಮೇಲೆ ಮಲಗುವವಳು ಇಂಚರಳ ಚಿಕ್ಕಮ್ಮ ಹೇಮಲತಾ.

ಅಪ್ಪ ಅಮ್ಮ ಕೆಲಸದ ಮೇಲೆ ಊರೂರು ತಿರುಗುವವರು. ಇಂಚರ ಬೆಳೆದದ್ದು ಅಜ್ಜಿಯ ಕಥೆಗಳಲ್ಲಿ, ಚಿಕ್ಕಮ್ಮನ ಹೊಲಿಗೆ ಯಂತ್ರದ ಸದ್ದಿನಲ್ಲಿ. ಬೀದಿಯ ಅರ್ಧ ಹೆಂಗಸರ ರವಿಕೆ ಹೊಲಿಯುವವಳು ಚಿಕ್ಕಮ್ಮ. ಅವಳ ಬಲ ಎದೆಯ ಮೇಲ್ಭಾಗದಲ್ಲಿ ಹುಣಸೆಬೀಜದಷ್ಟು ಗಂಟು ಸಿಕ್ಕಿ ತಿಂಗಳಾಗಿತ್ತು. ಅದು ಕೆಟ್ಟ ಗಂಟು, ಬೇಗ ತೆಗೆಯಬೇಕು ಎಂದಿದ್ದರು. ಆದರೆ ಹೆರಿಗೆಯಲ್ಲಿ ಕೊಟ್ಟ ಮತ್ತಿನ ಮದ್ದಿಗೆ ಅವಳ ಮೈ ಕಾದ ಹಂಚಾಗಿ, ಮೂರು ದಿನ ಬದುಕುತ್ತಾಳೋ ಇಲ್ಲವೋ ಎಂದು ಮನೆಯವರೆಲ್ಲ ಆಸ್ಪತ್ರೆಯ ನೆಲದ ಮೇಲೆ ಕೂತಿದ್ದರು. ಮರಗಟ್ಟಿಸುವ ಸೂಜಿಯೂ ಅವಳಿಗೆ ಒಗ್ಗದು. ಉಳಿದದ್ದು ಹಚ್ಚಡ ಒಂದೇ.

"ಬೊಟ್ಟಿಡೋಕೆ ಬೇರೆ ಹುಡುಗೀನ ಹಾಕ್ತಾರಂತೆ. ನೆಂಟರು ಇಡಬಾರದಂತೆ," ಎಂದಿದ್ದಳು ಇಂಚರ.

"ನನ್ನೆದೆ ಮುಟ್ಟೋದಾದ್ರೆ ನನ್ ಹುಡುಗೀನೇ ಮುಟ್ಟಲಿ. ಇಲ್ಲಾಂದ್ರೆ ನಾನು ಬರಲ್ಲ ಅಂತ ಹೇಳು ನಿಮ್ಮ ಮೇಡಂಗೆ."

ಬುಧವಾರ ಮಧ್ಯಾಹ್ನ ಊಟವಾದ ಮೇಲೆ ಇಂಚರ ಅವಳನ್ನು ಬಟ್ಟೆ ಕತ್ತರಿಸುವ ಮಣೆಯ ಮೇಲೆ ಮಲಗಿಸಿ ಅಭ್ಯಾಸ ಮಾಡಿದಳು. ಗುಳಿ. ಜಾರು. ದಿಣ್ಣೆ. ಪಕ್ಕಕ್ಕೆ ಎರಡು, ಕೆಳಗೆ ಮೂರು, ನಾಲ್ಕು. ಇಪ್ಪತ್ತು ಸಲ.

"ಸಾಕು ಬಿಡೆ, ಕಚಗುಳಿ ಆಗುತ್ತೆ. ನಾನು ಒಂದೇ ಸಲ ಟೇಪ್ ಹಿಡಿಯೋದು, ಇಡೀ ಜನ್ಮಕ್ಕೆ ಆಗುತ್ತೆ ಆ ಅಳತೆ."

"ನೀನು ತಪ್ಪಿದ್ರೆ ರವಿಕೆ ಬಿಗಿ ಆಗುತ್ತೆ ಚಿಕ್ಕಮ್ಮ."

"ಬಿಗಿ ಆದ್ರೆ ಬಿಚ್ಚಿ ಹೊಲೀತೀನಿ." ಆಮೇಲೆ ಸೂರು ನೋಡುತ್ತ, "ನೀನು ತಪ್ಪಬೇಡ ಆಯ್ತಾ," ಎಂದಳು.

ಗುರುವಾರ ಬೆಳಗ್ಗೆ ಎಂಟಕ್ಕೆ ತಯಾರಿ ಕೋಣೆಯಲ್ಲಿ ಎದೆಯನ್ನು ಸ್ಪಿರಿಟ್‌ನಿಂದ ಒರೆಸಿದರು. ತಾಳಿ ತೆಗೆಯಲು ಚಿಕ್ಕಮ್ಮ ಒಪ್ಪಲಿಲ್ಲ. ಇಲ್ಲಿ ಯಾರೂ ಒಪ್ಪುವುದಿಲ್ಲ. ಅದಕ್ಕೇ ವಾರ್ಡಿನ ಸಿಸ್ಟರುಗಳು ಒಂದು ಪದ್ಧತಿ ಮಾಡಿಕೊಂಡಿದ್ದರು: ಸರವನ್ನು ಕತ್ತಿನ ಸುತ್ತ ಎರಡು ಸುತ್ತು ತಂದು, ತಾಳಿಯನ್ನು ಕತ್ತಿನ ಗುಳಿಯಲ್ಲಿ ಕೂರಿಸಿ, ಮೇಲೆ ಪಾರದರ್ಶಕ ಪ್ಲಾಸ್ಟರ್ ಅಂಟಿಸುವುದು. ಇಂಚರ ದಿಣ್ಣೆ ಹುಡುಕಿ ಶಾಯಿಯ ಬೊಟ್ಟಿಟ್ಟಳು. ಜುಲೇಖಾ ಮೇಡಂ ಬಂದು ತಮ್ಮ ಬೆರಳಿಂದ ನೋಡಿ, "ಸರಿಯಾಗಿದೆ," ಎಂದು ಹೋದರು.

ತಳ್ಳುಗಾಡಿ ಶಸ್ತ್ರಕೋಣೆಯ ಬಾಗಿಲಿಗೆ ಬಂದಾಗ ಅಜ್ಜಿ ಅಡ್ಡ ನಿಂತಳು. ಕೈಯಲ್ಲಿ ಸಣ್ಣ ಭರಣಿ.

"ಅವಳ ತಾಳಿಗೆ ಕುಂಕುಮ ಇಡದೆ ಒಳಗೆ ಕಳಿಸ್ಬೇಡ. ನಾನು ಗಂಡ ಇಲ್ದೋಳು, ಇಡೋ ಹಂಗಿಲ್ಲ. ನೀನಿಡು."

"ಅಜ್ಜಿ, ಒರೆಸಿ ಆಗಿದೆ. ಈಗ ಏನೂ ಹಚ್ಚಬಾರದು."

"ಒಂದು ಚಿಟಿಕೆ ಕಣವ್ವ."

ಚಿಕ್ಕಮ್ಮ ಮಲಗಿದಲ್ಲಿಂದಲೇ, "ಇಡೇ, ಅವಳ ಮನಸ್ಸಿಗೆ," ಎಂದಳು. ಇಂಚರ ಪ್ಲಾಸ್ಟರಿನ ಅಂಚು ಎತ್ತಿ, ಉಂಗುರಬೆರಳಲ್ಲಿ ತಾಳಿಗೆ ಕುಂಕುಮ ಮುಟ್ಟಿಸಿ, ಮತ್ತೆ ಅಂಟಿಸಿದಳು. ಒಂದು ಉಸಿರಿನಷ್ಟು ಹೊತ್ತಿನ ಕೆಲಸ. ಆ ಬೊಟ್ಟು ಎದೆಯ ಮೇಲಿದೆ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಅದು ತಾಳಿಯ ಮೇಲಿತ್ತು.

ಶಸ್ತ್ರಕೋಣೆಗೆ ಒಂದು ಗಾಜಿನ ಗೋಡೆ. ಗೋಡೆಯಾಚೆ ಹಚ್ಚಡ ನಡೆಸುವ ಕೊಟ್ರೇಶ, ಅವನ ಮುಂದೆ ಪರದೆ. ಪರದೆಯಲ್ಲಿ ಕಾಣುವುದು ರೋಗಿಯ ಎದೆಯಲ್ಲ, ಕಂಪನಿ ಬಿಡಿಸಿಕೊಟ್ಟ ಚಿತ್ರದ ಎದೆ. ಅದರ ಮೇಲೆ ಪಟ್ಟೆಗಳು ಯಾವಾಗಲೂ ಇರಬೇಕಾದಲ್ಲೇ ಇರುತ್ತವೆ. ದೀಪದ ಕಣ್ಣು ಒಮ್ಮೆ ಮಿನುಗಿತು.

"ಬೊಟ್ಟು ಸಿಕ್ತು ಮೇಡಂ," ಎಂದ ಕೊಟ್ರೇಶ ಮೈಕಿನಲ್ಲಿ. ಹಚ್ಚಡ ಹರಡಿದರು. ಎರಡರಿಂದ ಐದರವರೆಗಿನ ನರಗಳು ಮಲಗಬೇಕು. ಕೆಳಗಿನಿಂದ ಶುರು.

"ಐದು ಮಲಗ್ತು. ನಾಲ್ಕು ಮಲಗ್ತು."

ಇಂಚರಳಿಗೆ ಅಜ್ಜಿ ಮೊಮ್ಮಕ್ಕಳನ್ನು ಸಾಲಾಗಿ ಮಲಗಿಸಿ ಹೊದಿಸುತ್ತಿದ್ದದ್ದು ನೆನಪಾಯಿತು. ಅವಳು ಚಿಕ್ಕಮ್ಮನ ತಲೆಯ ಬಳಿ ನಿಂತಿದ್ದಳು. ಮಾತಾಡಿಸುತ್ತಿರುವುದೇ ಅವಳಿಗೆ ಕೊಟ್ಟ ಕೆಲಸ.

"ಮೂರು ಮಲಗ್ತು. ಎರಡು ಶುರು."

ಜುಲೇಖಾ ಮೇಡಂ ಹಚ್ಚಡದ ಕಿಂಡಿಯೊಳಗೆ ಗಂಟಿನ ಸುತ್ತ ಹತ್ತಿ ಮುಟ್ಟಿಸಿದರು. ಚಿಕ್ಕಮ್ಮನಿಗೆ ಏನೂ ತಿಳಿಯಲಿಲ್ಲ. ಚಿಮಟದಿಂದ ಹಿಡಿದರೂ ತಿಳಿಯಲಿಲ್ಲ. ಮೇಡಂ ತಲೆಯಾಡಿಸಿ ಕೊಯ್ಯುವ ಕತ್ತಿಗೆ ಕೈ ಚಾಚಿದರು.

"ಇಂಚು, ಸೆರಗು ಜಾರಿದೆ ನೋಡೆ," ಎಂದಳು ಚಿಕ್ಕಮ್ಮ.

ಮೈಕಿನಲ್ಲಿ ಕೊಟ್ರೇಶ ನಕ್ಕ. "ಅಮ್ಮಾ, ನೀವು ಸೀರೇನೇ ಉಟ್ಟಿಲ್ಲ."

"ಎಲ್ಲ ಹೆಂಗಸರೂ ಈ ಮೇಜಿನ ಮೇಲೆ ಸೆರಗೇ ಹುಡುಕೋದು," ಎಂದರು ಮೇಡಂ. "ಮುಚ್ಚಿದೆ ಹೇಮಲತಾ, ಹಸಿರು ಬಟ್ಟೆ ಹೊದಿಸಿದೀವಿ."

ಚಿಕ್ಕಮ್ಮ ಎಡಗೈ ಎತ್ತಿ ಹೆಗಲ ಮೇಲೆ ತಡಕಿದಳು. ಬಟ್ಟೆ ಕೈಗೆ ಸಿಕ್ಕಿತು. ಎಳೆದುಕೊಂಡಳು. ಮತ್ತೆ ತಡಕಿದಳು. "ಇಲ್ವಲ್ಲೇ. ಹೆಗಲೇ ಇಲ್ದಂಗಿದೆ." ಮಾತು ಸಣ್ಣದಾಗಿತ್ತು, ಎರಡು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳುತ್ತಿದ್ದಳು.

ಇಂಚರ ಆ ಹೆಗಲನ್ನು ಗಟ್ಟಿಯಾಗಿ ಅದುಮಿದಳು. "ಗೊತ್ತಾಗ್ತಿದ್ಯಾ ಚಿಕ್ಕಮ್ಮ?"

"ಏನು?"

ಅವಳು ಇನ್ನೊಂದು ಹೆಗಲನ್ನು ಹಿಂಡಿದಳು. ಚಿಕ್ಕಮ್ಮ ಅವಳನ್ನೇ ನೋಡುತ್ತಿದ್ದಳು, ಏನನ್ನು ಕೇಳುತ್ತಿದ್ದಾಳೆ ಎಂದು ತಿಳಿಯದೆ. ನಾಲ್ಕನೆಯವನಿಗೂ ಹತ್ತನೆಯವಳಿಗೂ ಒಂದೇ ಬದು. ಹಚ್ಚಡ ಬದು ದಾಟಿತ್ತು.

"ಮೇಡಂ, ನಿಲ್ಸಿ."

ಕತ್ತಿ ಚರ್ಮದಿಂದ ಬೆರಳಗಲ ಮೇಲೆ ನಿಂತಿತು. "ಏನು?"

"ಹೆಗಲು ಮಲಗಿದೆ. ಎರಡೂ. ನಾವು ಕತ್ತಿನ ನಾಲ್ಕರಲ್ಲಿದೀವಿ."

"ಎರಡು ಎಂಬತ್ತು ಪರ್ಸೆಂಟ್ ಮಲಗಿದೆ, ಎಲ್ಲ ಹಸಿರಿದೆ ಮೇಡಂ," ಎಂದ ಕೊಟ್ರೇಶ.

ಜುಲೇಖಾ ಮೇಡಂ ಪರದೆಯ ಕಡೆ ನೋಡಲಿಲ್ಲ. ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ ನೋಡಿದರು. ಉಸಿರು ಎಳೆದಾಗ ಉಬ್ಬಬೇಕಾದ ಹೊಟ್ಟೆ ಒಳಕ್ಕೆ ಹೋಗುತ್ತಿತ್ತು.

"ಆರಿಸು ಕೊಟ್ರೇಶ್. ಈಗಲೇ."

ಹಚ್ಚಡವನ್ನು ಎತ್ತಿ ಬಿಸುಟರು. ಯಾರೋ ಗಡಿಯಾರ ಒತ್ತಿದರು. ಹನ್ನೊಂದು ನಿಮಿಷ. ಚಿಕ್ಕಮ್ಮನ ಬಾಯಿ ಅಲುಗುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಮೇಡಂ ಮೂಗುಬಾಯಿಗೆ ಉಸಿರುಚೀಲದ ಮುಖವಾಡ ಒತ್ತಿ ಹಿಡಿದು, "ಹಿಸುಕು," ಎಂದರು. ಇಂಚರ ಬಲಗೈಯಲ್ಲಿ ಚೀಲ ಹಿಸುಕಿದಳು. ಎದೆ ಎದ್ದಿತು. ಬಿಟ್ಟಳು. ಇಳಿಯಿತು. ಇನ್ನು ಆ ಎದೆ ಏಳುವುದು ಬೀಳುವುದು ಅವಳ ಅಂಗೈಯಲ್ಲಿತ್ತು.

ಚಿಕ್ಕಮ್ಮ ಪೂರ್ತಿ ಎಚ್ಚರವಾಗಿದ್ದಳು. ಅದೇ ಭಯಂಕರವಾಗಿತ್ತು. ಕಣ್ಣುಗಳು ಅಗಲವಾಗಿ ತೆರೆದು ಇಂಚರಳ ಮುಖದ ಮೇಲೆ ನೆಟ್ಟಿದ್ದವು. ಇಂಚರ ಎಡಗೈಯನ್ನು ಅವಳ ಕೈಗೆ ಕೊಟ್ಟಳು. ಕತ್ತರಿ ಹಿಡಿದು ಜಡ್ಡುಗಟ್ಟಿದ ಆ ಬೆರಳುಗಳು ಉಗುರು ನೆಡುವಷ್ಟು ಬಿಗಿಯಾಗಿ ಹಿಡಿದುಕೊಂಡವು. ಹಚ್ಚಡ ಎದೆಯ ಮೇಲಿನವರನ್ನಷ್ಟೇ ಮಲಗಿಸಬಲ್ಲದು. ಹೊಳೆದಂಡೆ ಹಿಡಿದು ಕೈಗೆ ಹೋದ ಐವರು ಎಚ್ಚರವಾಗಿದ್ದರು.

"ಚಿಕ್ಕಮ್ಮ, ಉಸಿರು ಸಾಲ್ತಿದ್ರೆ ಒಂದು ಸಲ ಅದುಮು. ಸಾಲ್ದಿದ್ರೆ ಎರಡು."

ಎರಡು ಸಲ ಅದುಮಿದಳು. ಇಂಚರ ಇನ್ನೂ ಜೋರಾಗಿ ಹಿಸುಕಿದಳು. ಆಮೇಲೆ ಒಂದು ಸಲ.

ಮೂರನೇ ನಿಮಿಷಕ್ಕೆ ಕೊಟ್ರೇಶ ಗಾಜಿನ ಬಾಗಿಲು ತೆರೆದು ಒಳಗೆ ಬಂದ. ಮುಖದಲ್ಲಿ ರಕ್ತವಿರಲಿಲ್ಲ. "ನಾನೇನೂ ಮಾಡಿಲ್ಲ ಮೇಡಂ."

"ಬೊಟ್ಟು ದಿಣ್ಣೆ ಮೇಲೇ ಇದೆ, ನಾನೇ ನೋಡಿದೀನಿ. ಇವಳು ಸರಿಯಾಗಿ ಇಟ್ಟಿದ್ದಾಳೆ," ಎಂದರು ಮೇಡಂ, ಮುಖವಾಡದಿಂದ ಕಣ್ಣೆತ್ತದೆ. "ಅಂದ್ರೆ ತಪ್ಪು ನಿನ್ನ ಕಡೆ. ಕಣ್ಣು ಏನು ಓದ್ತು ಅಂತ ನೋಡದೆ ಒತ್ತಿದೀಯ."

ಆಗ ಇಂಚರ ನೋಡಿದಳು. ಹಚ್ಚಡ ಹೋದ ಎದೆಯ ಮೇಲೆ ಎರಡು ಕೆಂಪು. ಒಂದು ದಿಣ್ಣೆಯ ಮೇಲೆ. ಇನ್ನೊಂದು ಮೂರು ಬೆರಳು ಮೇಲೆ, ಕತ್ತಿನ ಗುಳಿಯಲ್ಲಿ, ಪ್ಲಾಸ್ಟರಿನ ಕೆಳಗೆ ಬೆವರಿಗೆ ಹರಡಿಕೊಂಡು ಶಾಯಿಗಿಂತ ದೊಡ್ಡದಾಗಿ ಹೊಳೆಯುತ್ತಿತ್ತು. ಎರಡು ಬೊಟ್ಟು ಕಂಡರೆ ಮೇಲಿನದನ್ನೇ ಹಿಡಿ ಎಂದು ಹಚ್ಚಡಕ್ಕೆ ಕಲಿಸಿದ್ದರು. ಕೆಳಗಿನದು ಜಾರಿದ ಶಾಯಿಯಾಗಿರಬಹುದು ಎಂದು. ಅದನ್ನು ಮಾಡಿದ ದೇಶದಲ್ಲಿ ಹೆಂಗಸರು ಕೊರಳಿಗೆ ಕೆಂಪು ಹಚ್ಚಿಕೊಳ್ಳುವುದಿಲ್ಲ. ಗುಳಿಯ ಹತ್ತಿರದ ಎಲುಬು ಒಂದನೆಯದು, ಕೊರಳೆಲುಬಿನ ಹಿಂದೆ ಅವಿತದ್ದು. ಅದನ್ನೇ ಎರಡು ಎಂದುಕೊಂಡು ಹಚ್ಚಡ ಎಣಿಸಿತ್ತು.

ಪಕ್ಕದ ತಟ್ಟೆಯಲ್ಲಿ ಸ್ಪಿರಿಟ್ ಹತ್ತಿಯಿತ್ತು. ಚಿಕ್ಕಮ್ಮನ ಬೆವರು ಒರೆಸುವ ನೆಪದಲ್ಲಿ ಒಮ್ಮೆ ಎಳೆದರೆ ಸಾಕು. ಕುಂಕುಮ ಹೋಗುತ್ತದೆ. ಬೊಟ್ಟಿಟ್ಟವಳು ಸರಿ, ನಡೆಸಿದವನು ತಪ್ಪು ಎಂದು ಉಳಿಯುತ್ತದೆ. ಅವಳ ಕೈಯಲ್ಲಿ ಚಿಕ್ಕಮ್ಮನ ಕೈ ಇರದಿದ್ದರೆ ಹತ್ತಿಗೆ ಚಾಚುತ್ತಿದ್ದಳೋ ಏನೋ, ಅವಳಿಗೇ ಗೊತ್ತಿಲ್ಲ.

"ಮೇಲಿನ ಬೊಟ್ಟೂ ನಾನೇ ಇಟ್ಟಿದ್ದು ಮೇಡಂ," ಎಂದಳು. "ಬಾಗಿಲ ಹತ್ರ. ತಾಳಿಗೆ ಕುಂಕುಮ. ಅಜ್ಜಿ ಕೇಳಿದ್ಲು."

ಮೇಡಂ ಆ ಕೆಂಪನ್ನು ನೋಡಿದರು. "ಲಯ ತಪ್ಪಿಸ್ಬೇಡ. ಹಿಸುಕು," ಎಂದರು. "ಇದರ ಲೆಕ್ಕ ಆಮೇಲೆ. ತಾಳಿ ಗುಳಿಯಲ್ಲಿ ಕೂರಿಸೋ ಪದ್ಧತಿ ನಮ್ಮದೇ. ಆರು ವರ್ಷದಿಂದ ನನ್ನ ಕಣ್ಣ ಮುಂದೇ ಕೂರಿಸ್ತಿದ್ರು." ಆಮೇಲೆ ತಿರುಗದೆಯೇ, "ಕೊಟ್ರೇಶ್, ನಿನಗೆ ಅಂದ ಮಾತು ವಾಪಸ್ ತಗೊಂಡೆ," ಎಂದರು.

ಏಳು. ಎಂಟು. ಇಂಚರಳ ಮುಂಗೈ ಉರಿಯುತ್ತಿತ್ತು. ಕೊಟ್ರೇಶ ಚೀಲ ತೆಗೆದುಕೊಳ್ಳಲು ಕೈ ಚಾಚಿದ. ಕೊಡಲಿಲ್ಲ. ಎಡಗೈಯ ಮೇಲಿನ ಹಿಡಿತ ಮಾತ್ರ ಸಡಿಲವಾಗಲಿಲ್ಲ. ಪ್ರತಿ ಉಸಿರಿಗೆ ಒಂದು ಅದುಮು, ಒಂದು ಅದುಮು. ಹತ್ತಾಯಿತು. ಹನ್ನೊಂದಾಯಿತು. ಹೊಟ್ಟೆ ಏಳಲಿಲ್ಲ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹನ್ನೊಂದೂವರೆ. ಬಟ್ಟೆಯ ಕೆಳಗೆ, ಮಗು ನಿದ್ದೆಯಲ್ಲಿ ಹೊರಳಿದಷ್ಟು ಮೆಲ್ಲಗೆ, ಹೊಟ್ಟೆ ಉಬ್ಬಿತು. ಇಳಿಯಿತು. ಮತ್ತೆ ಉಬ್ಬಿತು, ಈ ಸಲ ಚೀಲಕ್ಕಿಂತ ಮುಂಚೆ.

ಮೇಡಂ ಮುಖವಾಡ ಎತ್ತಿದರು. ಇಂಚರ ಹೆಗಲ ಮೇಲೆ ಕೈಯಿಟ್ಟಳು. "ಗೊತ್ತಾಗ್ತಿದ್ಯಾ?"

"ತಣ್ಣಗಿದೆ ಕಣೆ ಕೈ. ತೆಗಿ," ಎಂದಳು ಚಿಕ್ಕಮ್ಮ.

ಇವತ್ತು ಬೇಡ, ವಾರ್ಡಿಗೆ ಹೋಗಿ ಸುಧಾರಿಸಿಕೊಳ್ಳಿ, ಮುಂದಿನ ವಾರ ನೋಡೋಣ ಎಂದರು ಮೇಡಂ. ಚಿಕ್ಕಮ್ಮ ದೀಪವನ್ನು ನೋಡುತ್ತ ಮಲಗಿದ್ದಳು.

"ಮುಂದಿನ ವಾರ ನಾನು ಈ ಬಾಗಿಲು ದಾಟಲ್ಲ ಡಾಕ್ಟ್ರೇ. ನನ್ನ ಧೈರ್ಯ ನಂಗೊತ್ತು. ಆ ಗಂಟು ಅಲ್ಲೇ ಉಳ್ಕೊಳುತ್ತೆ. ಈಗ್ಲೇ ಆಗೋದಾದ್ರೆ ಮಾಡಿ."

"ಈಗ ಆದ ಮೇಲೂ?"

"ಅಳತೆ ತಪ್ಪಿದ್ದು ಎಲ್ಲಿ ಅಂತ ಗೊತ್ತಾಯ್ತಲ್ಲ. ಗೊತ್ತಾದ ಮೇಲೆ ಬಿಚ್ಚಿ ಹೊಲಿಯೋದೇ."

ಮೇಡಂ ಅವಳ ನಾಡಿ, ಉಸಿರು, ರಕ್ತದ ಆಮ್ಲಜನಕವನ್ನು ಅರ್ಧ ಗಂಟೆ ಪರೀಕ್ಷಿಸಿದರು. ಆಮೇಲೆ ಶಾಯಿಯ ಕಡ್ಡಿಯನ್ನು ಇಂಚರಳ ಮುಂದೆ ಹಿಡಿದರು. "ಹಳೇದೆಲ್ಲ ಒರೆಸು. ಮೊದಲಿಂದ ಎಣಿಸು. ನಾನು ಪಕ್ಕದಲ್ಲೇ ನಿಂತಿರ್ತೀನಿ."

ಇಂಚರ ಪ್ಲಾಸ್ಟರ್ ಬಿಡಿಸಿ, ಸ್ಪಿರಿಟ್ ಹತ್ತಿ ತೆಗೆದುಕೊಂಡು, ಕತ್ತಿನ ಗುಳಿಯ ಮೇಲೆ ಕೈ ತಡೆದಳು. ತಾಳಿಯ ಕುಂಕುಮವನ್ನು ತನ್ನ ಕೈಯಿಂದ ಅಳಿಸುವುದು. ಬಾಗಿಲಾಚೆ ಅಜ್ಜಿ ಕೂತಿದ್ದಾಳೆ.

ಚಿಕ್ಕಮ್ಮನಿಗೆ ಅರ್ಥವಾಯಿತು. ಅವಳೇ ಕೈ ಎತ್ತಿ, ಉಂಗುರಬೆರಳಿಂದ ಗುಳಿಯ ಕುಂಕುಮವನ್ನು ಬಳಿದು ತೆಗೆದಳು. ಇಂಚರಳ ಹಸಿರು ಟೋಪಿಯನ್ನು ಮೇಲೆ ಸರಿಸಿ, ಹಣೆಗೆ ಇಟ್ಟಳು.

"ಅಳಿಸಲಿಲ್ಲ. ಜಾಗ ಬದಲಾಯ್ತು ಅಷ್ಟೇ. ಈಗ ಒರೆಸು."

ಇಂಚರ ಒರೆಸಿದಳು. ತಾಳಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕತ್ತಿನ ಹಿಂದಕ್ಕೆ ಸರಿಸಿದಳು. ಬೆರಳನ್ನು ಗುಳಿಯಲ್ಲಿಟ್ಟು ಕೆಳಗೆ ಜಾರಿಸಿದಳು, ನಿಧಾನವಾಗಿ, ಮೊದಲ ಸಲ ಮುಟ್ಟುವವಳ ಹಾಗೆ. ದಿಣ್ಣೆ ಅಲ್ಲೇ ಇತ್ತು. ಒಂದು ಬೊಟ್ಟು.

"ಎರಡು," ಎಂದಳು ಗಟ್ಟಿಯಾಗಿ. ಗಾಜಿನಾಚೆ ಕೊಟ್ರೇಶ ಪರದೆಯನ್ನು ಬಿಟ್ಟು ಎದ್ದು ನಿಂತು, ಚಿಕ್ಕಮ್ಮನ ಎದೆಯನ್ನೇ ನೋಡಿ, "ಎರಡು," ಎಂದ.

ಹಚ್ಚಡ ಹರಡಿತು. ಐದು ಮಲಗಿತು, ನಾಲ್ಕು ಮಲಗಿತು, ಮೂರು ಮಲಗಿತು. ಎರಡು ಶುರುವಾದಾಗ ಇಂಚರ ಎರಡೂ ಕೈಯನ್ನು ಚಿಕ್ಕಮ್ಮನ ಹೆಗಲ ಮೇಲಿಟ್ಟುಕೊಂಡು ಕಾದಳು. ಎರಡು ಮಲಗಿತು.

"ಸೆರಗು ಸರಿ ಇದ್ಯಾ ಚಿಕ್ಕಮ್ಮ?"

ಚಿಕ್ಕಮ್ಮ ಕಣ್ಣು ಮುಚ್ಚಿದಳು. ಹೊಟ್ಟೆ ಏಳುತ್ತಿತ್ತು, ಇಳಿಯುತ್ತಿತ್ತು.

"ಇದೆ," ಎಂದಳು. "ನಿನ್ ಕೈ ಇನ್ನೂ ತಣ್ಣಗೇ ಇದೆ."